ಮರದ ಬುಡದ ಅರಗಿನ ಕೊಡೆ

ಮುಂಗಾರಿನ ಮೊದಲ ಮಳೆಗಳು ಸುರಿದು, ಬೆಂಗಳೂರಿನ ನಂದಿನಿ ಲೇಔಟಿನ ಅಡ್ಡರಸ್ತೆಗಳ ಚರಂಡಿಗಳಲ್ಲಿ ನೀರಿನ ಸದ್ದು ಅಡಗಿದ ಒಂದು ಮುಂಜಾನೆ, ಕಾಲುಹಾದಿಯ ಕಲ್ಲುಹಾಸಿನ ನಡುವೆ ಸಿಮೆಂಟಿನ ಕಟ್ಟೆಯೊಳಗೆ ಸಿಕ್ಕಿ ನಿಂತಿದ್ದ ಒಂದು ಗುಲ್‌ಮೊಹರ್ ಮರದ ಬುಡದಲ್ಲಿ, ನೆಲದಿಂದ ಗೇಣುದ್ದಕ್ಕಿಂತಲೂ ಕಡಿಮೆ ಎತ್ತರದಲ್ಲಿ, ತೊಗಟೆಯ ಬಿರುಕಿನಿಂದ ಹೊರಚಾಚಿದ್ದ ಮೂರು ಅಣಬೆಗಳನ್ನು ಕಂಡು ನಾನು ನಿಂತುಬಿಟ್ಟೆನು. ಅವುಗಳ ಅಂಚು ಹಾಲಿನ ಕೆನೆಯಂತೆ ಬೆಳ್ಳಗಿದ್ದಿತು; ಅಂಚಿನಿಂದ ಒಳಕ್ಕೆ ಬಂದಂತೆ ಆ ಬಿಳುಪು ನಿಂಬೆಯ ಹಳದಿಯಾಗಿ, ಹಳದಿಯು ಕಿತ್ತಳೆಯಾಗಿ, ಕಿತ್ತಳೆಯು ಕ್ರಮೇಣ ಕೆಂಪಾಗಿ, ಮರಕ್ಕೆ ಅಂಟಿಕೊಂಡ ಮೂಲದಲ್ಲಿ ಹುಣಿಸೆಬೀಜದ ಕೆಂಗಂದು ಬಣ್ಣವನ್ನು ತಳೆದಿದ್ದಿತು. ಚನ್ನಪಟ್ಟಣದ ಬೊಂಬೆಗೆ ಕುಶಲಿಯಾದ ಕೆಲಸಗಾರನು ಅರಗು ಹಿಡಿದು ತಾಳೆಯ ಗರಿಯಿಂದ ತಿಕ್ಕಿ ತಂದ ಮೆರುಗನ್ನು ಹೋಲುವ ಹೊಳಪೊಂದು ಅವುಗಳ ಮೈಯ ಮೇಲೆಲ್ಲ ಹರಡಿಕೊಂಡಿತ್ತು.

ಹೂ ಮಾರಲು ಹೊರಟಿದ್ದ ಹೆಂಗಸೊಬ್ಬಳು ಬುಟ್ಟಿಯನ್ನಿಳಿಸಿ, "ಇದನ್ನ ತಿನ್ನಬಹುದೇ ಸ್ವಾಮಿ?" ಎಂದು ಕೇಳಿದಳು. ನಾನು ಉತ್ತರ ಕೊಡುವುದಕ್ಕೆ ಮೊದಲೇ, ವಾಯುಸೇವನೆಗೆಂದು ಬಂದಿದ್ದ ವೃದ್ಧರೊಬ್ಬರು, ತೀರ್ಥಹಳ್ಳಿಯ ಕಡೆಯ ಅಡಕೆತೋಟದಲ್ಲಿ ಬೆಳೆದವರು, ಕೋಲನ್ನೂರಿ ಬಗ್ಗಿ ನೋಡಿ, "ಇದು ಎದ್ದ ಮರ ಉಳಿಯುವುದಿಲ್ಲ" ಎಂದಷ್ಟೇ ಹೇಳಿ ನಡೆದುಬಿಟ್ಟರು. ಒಬ್ಬಳ ಪ್ರಶ್ನೆಯು ಅಣಬೆಯಿಂದ ಮನುಷ್ಯನಿಗೇನು ಎಂಬುದನ್ನು ಕುರಿತದ್ದು. ಮತ್ತೊಬ್ಬರ ಮಾತು ಅಣಬೆಯಿಂದ ಮರಕ್ಕೇನು ಎಂಬುದನ್ನು ಕುರಿತದ್ದು. ಈ ಎರಡರ ನಡುವೆ ಸುಮಾರು ಎರಡು ಸಾವಿರ ವರ್ಷಗಳ ಚರಿತ್ರೆಯುಂಟು. ಅದರ ಒಂದು ಮುಖ್ಯ ಅಧ್ಯಾಯವು ನಮ್ಮ ಕನ್ನಡನಾಡಿನ ತೋಟಗಳಲ್ಲಿಯೇ ಬರೆಯಲ್ಪಟ್ಟಿತು.

ಅಣಬೆಯ ವಿಷಯದಲ್ಲಿ ನಮ್ಮ ಪೂರ್ವಿಕರು ಏಕಮನಸ್ಕರಾಗಿರಲಿಲ್ಲ. ಮನುಸ್ಮೃತಿಯು ಕವಕವನ್ನು ಬೆಳ್ಳುಳ್ಳಿ, ಈರುಳ್ಳಿಗಳ ಪಂಕ್ತಿಯಲ್ಲಿ ಕುಳ್ಳಿರಿಸಿ ದ್ವಿಜರಿಗೆ ವರ್ಜ್ಯವೆಂದಿತು. ಮೇಘದೂತದಲ್ಲಿ ಕಾಳಿದಾಸನು ಅದೇ ಶಿಲೀಂಧ್ರವನ್ನು ಮೇಘಗರ್ಜನೆಗೆ ನೆಲವು ಕೊಟ್ಟ ಪ್ರತ್ಯುತ್ತರವಾಗಿ, ಭೂಮಿಯು ಬಂಜೆಯಲ್ಲವೆಂಬುದಕ್ಕೆ ಸಾಕ್ಷಿಯಾಗಿ ಕಂಡನು. ಗುಡುಗಿದರೆ ಅಣಬೆ ಏಳುತ್ತದೆಂದು ಇಂದಿಗೂ ನಂಬುವ ನಮ್ಮ ಹಳ್ಳಿಗರು ಈ ವಿಷಯದಲ್ಲಿ ಸ್ಮೃತಿಕಾರನಿಗಿಂತ ಕವಿಗೇ ಹತ್ತಿರದವರು. ಇವರಿಬ್ಬರಿಂದಲೂ ಭಿನ್ನವಾದ ದಾರಿಯನ್ನು ಹಿಡಿದುದು ಸುಶ್ರುತಸಂಹಿತೆ. ಅದು ಅಣಬೆಯನ್ನು ನಿಂದಿಸಲೂ ಇಲ್ಲ, ಹೊಗಳಲೂ ಇಲ್ಲ. ಹುಲ್ಲಿನ ಮೇಲೆ ಹುಟ್ಟಿದುದು, ಕಬ್ಬಿನ ಮೇಲೆ ಹುಟ್ಟಿದುದು, ಸಗಣಿಯ ಮೇಲೆ, ಬಿದಿರಿನ ಮೇಲೆ, ಬರಿಯ ನೆಲದ ಮೇಲೆ ಹುಟ್ಟಿದುದು ಎಂದು ಆಶ್ರಯವನ್ನನುಸರಿಸಿ ವಿಂಗಡಿಸಿ, ಒಂದೊಂದರ ಗುಣವನ್ನು ಬೇರೆಬೇರೆಯಾಗಿ ಹೇಳಿತು. ಅಣಬೆಯನ್ನು ಗುರುತಿಸಬೇಕಾದರೆ ಅದರ ಮೈಯನ್ನು ಮಾತ್ರವೇ ನೋಡಿದರೆ ಸಾಲದು, ಅದು ಯಾವುದರ ಮೇಲೆ ಕುಳಿತಿದೆಯೆಂಬುದನ್ನೂ ನೋಡಬೇಕು ಎಂಬ ವಿವೇಕವು ಆ ವಿಂಗಡಣೆಯಲ್ಲಿ ಅಡಗಿದೆ.

ನಮ್ಮ ಜನಪದರ ನಾಮಕರಣವೂ ಇದೇ ಪದ್ಧತಿಯದು. ಬಯಲುಸೀಮೆಯಲ್ಲಿ ಅಣಬೆ, ಕರಾವಳಿಯ ಕನ್ನಡದಲ್ಲಿ ಅಳಂಬೆ, ತುಳುವಿನಲ್ಲಿ ಅಲಂಬು, ಕೊಡವರ ನುಡಿಯಲ್ಲಿ ಕುಮ್ಮು ಎಂದು ಹೆಸರು ಬದಲಾಗುತ್ತ ಹೋದರೂ, ಗೆದ್ದಲು ಕಟ್ಟಿದ ಮಣ್ಣಿನಿಂದ ಏಳುವುದನ್ನು ಹುತ್ತದ ಅಣಬೆಯೆಂದೂ, ಮುಂಗಾರಿನ ಆರಂಭದಲ್ಲಿ ಕರಾವಳಿಯ ಗುಡ್ಡಗಳ ನೆಲದೊಳಗಿಂದ ಕೆದಕಿ ತೆಗೆಯುವ ಗುಂಡನೆಯದನ್ನು ಕಲ್ಲಣಬೆಯೆಂದೂ ಕರೆಯುವಲ್ಲಿ ಆಶ್ರಯವೂ ಆಕಾರವೂ ಹೆಸರಿನಲ್ಲಿಯೇ ಬೆರೆತುಕೊಂಡಿವೆ. ಬಾಯಿಗೆ ಬಾರದ, ನಂಬಲಾಗದ ಮಿಕ್ಕವೆಲ್ಲವೂ ನಾಯಿಕೊಡೆಗಳು. ಗುಲ್‌ಮೊಹರಿನ ಬುಡದ ಈ ಹೊಳೆಯುವ ಅಣಬೆಗೆ ಅಡುಗೆಮನೆಯ ಹೆಸರು ಯಾವುದೂ ದೊರೆಯಲಿಲ್ಲ. ಅದು ದಾರುವಿನಂತೆ ಗಟ್ಟಿಯಾದುದು, ಕಹಿಯಾದುದು, ಕುದಿಸಿದರೂ ಮೆದುವಾಗದು. ಆದುದರಿಂದ ಹೂವಿನ ಹೆಂಗಸಿನ ಪ್ರಶ್ನೆಗೆ ಉತ್ತರವು ಸರಳವಾದುದೇ: ಇದು ತಿನ್ನುವ ಅಣಬೆಯಲ್ಲ.

ಆದರೆ ಇದು ಯಾವುದು? ಶಾಸ್ತ್ರಜ್ಞರು ಇದನ್ನು ಗ್ಯಾನೊಡರ್ಮಾ ಎಂಬ ಕುಲಕ್ಕೆ ಸೇರಿಸುತ್ತಾರೆ. ಇದನ್ನು ಗುರುತಿಸುವ ಲಕ್ಷಣಗಳನ್ನು ಯಾರು ಬೇಕಾದರೂ ತಾಳ್ಮೆಯಿಂದ ಕಂಡುಕೊಳ್ಳಬಹುದು. ಸಾಮಾನ್ಯ ಅಣಬೆಯ ಕೊಡೆಯ ಅಡಿಯಲ್ಲಿ ಪುಸ್ತಕದ ಹಾಳೆಗಳಂತೆ ಒತ್ತಾಗಿ ಜೋಡಿಸಿದ ಎಸಳುಗಳಿರುತ್ತವೆ. ಇದರ ಅಡಿಯಲ್ಲಿ ಅಂಥ ಎಸಳುಗಳಿಲ್ಲ, ಸೂಜಿಯ ಮೊನೆಯಿಂದ ಚುಚ್ಚಿದಂಥ ಅಸಂಖ್ಯಾತ ಸೂಕ್ಷ್ಮರಂಧ್ರಗಳುಂಟು. ಎಳೆಯದಿದ್ದಾಗ ಆ ಅಡಿಭಾಗ ಬೆಳ್ಳಗಿದ್ದು, ಉಗುರಿನಿಂದ ಗೀರಿದರೆ ಗೀರಿದಲ್ಲಿ ಕಂದು ಗೆರೆ ಮೂಡುತ್ತದೆ. ಬಲಿತ ಮೇಲೆ ರಂಧ್ರಗಳಿಂದುದುರಿದ ಬೀಜಾಣುಗಳು ಸುತ್ತಲಿನ ಹುಲ್ಲು, ಕಲ್ಲುಗಳ ಮೇಲೂ, ಗಾಳಿಯ ಸುಳಿಯಿಂದ ಮೇಲೆದ್ದು ಅಣಬೆಯದೇ ಹೊಳೆಯುವ ಬೆನ್ನಿನ ಮೇಲೂ ಕೋಕೋ ಪುಡಿಯನ್ನು ಜರಡಿ ಹಿಡಿದಂತೆ ಕೂರುತ್ತವೆ. ಹೊಳಪು ಮಾಸಿ ಧೂಳು ಹಿಡಿದಿದೆಯೆಂದು ನಾವು ಭಾವಿಸುವುದು ವಾಸ್ತವವಾಗಿ ಅದರ ಸಂತಾನವನ್ನೇ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಪ್ರತಿಯೊಂದು ಬೀಜಾಣುವಿಗೂ ಒಂದರೊಳಗೊಂದರಂತೆ ಎರಡು ಗೋಡೆಗಳಿರುವುದು ಕಾಣುತ್ತದೆ. ಈ ದ್ವಿಭಿತ್ತಿಯು ಈ ಬಂಧುವರ್ಗದ ಮುದ್ರೆಯೆಂದೇ ಹೇಳಬಹುದು.

ಬಣ್ಣವೊಂದನ್ನೇ ನೆಚ್ಚಿದವನು ಮೋಸಹೋಗುತ್ತಾನೆ. ಕಡಿದು ಬಿಸಿಲಿಗೆ ಬಿಸುಟ ಕೊಂಬೆಗಳ ಮೇಲೆ ಸಿಂದೂರವನ್ನೇ ಬಳಿದಂತೆ ಮೇಲುಕೆಳಗೆರಡೂ ಕಡೆ ಕೆಂಪಾಗಿರುವ ತೆಳ್ಳನೆಯ ಇನ್ನೊಂದು ಅಣಬೆ ಬೆಳೆಯುವುದುಂಟು. ಅದಕ್ಕೆ ಅರಗಿನ ಮೆರುಗಿಲ್ಲ, ಅದು ಪಿಕ್ನೊಪೋರಸ್ ಎಂಬ ಬೇರೆಯೇ ಕುಲದ್ದು. ಬಣ್ಣದ್ದೆಲ್ಲ ವಿಷ, ಬಿಳಿಯದೆಲ್ಲ ಸಾಧು ಎಂಬ ಮಾತೂ, ಬೆಳ್ಳಿಯ ಚಮಚೆ ಕಪ್ಪಾದರೆ ಮಾತ್ರ ವಿಷ ಎಂಬ ಮಾತೂ ಪ್ರಾಣಾಂತಿಕವಾದ ಭ್ರಮೆಗಳು; ಜಗತ್ತಿನಲ್ಲಿ ಅತಿ ಹೆಚ್ಚು ಜನರನ್ನು ಕೊಂದಿರುವ ಅಮಾನಿಟಾ ಕುಲದ ಅಣಬೆಗಳು ಬೆಳ್ಳಗೋ ಮಂಕು ಹಸುರಾಗಿಯೋ ನೋಟಕ್ಕೆ ನಿರುಪದ್ರವವಾಗಿರುವಂಥವೇ.

ಹೆಸರಿನ ಚರಿತ್ರೆಯೂ ಬಣ್ಣದಷ್ಟೇ ಎಚ್ಚರವನ್ನು ಬೇಡುತ್ತದೆ. 1781ರಲ್ಲಿ ವಿಲಿಯಂ ಕರ್ಟಿಸ್ ಎಂಬ ಆಂಗ್ಲ ಸಸ್ಯಶಾಸ್ತ್ರಜ್ಞನು ಲಂಡನ್ನಿನ ಸುತ್ತಣ ಸಸ್ಯಗಳನ್ನು ಕುರಿತ ತನ್ನ ಗ್ರಂಥದಲ್ಲಿ ಇಂಥ ಒಂದು ಅಣಬೆಯನ್ನು ವರ್ಣಿಸಿ, 'ಹೊಳೆಯುವುದು' ಎಂಬರ್ಥದ ಲ್ಯೂಸಿಡಸ್ ಎಂಬ ವಿಶೇಷಣವನ್ನು ಕೊಟ್ಟನು. ಸರಿಯಾಗಿ ಒಂದು ನೂರು ವರ್ಷಗಳ ತರುವಾಯ, 1881ರಲ್ಲಿ, ಫಿನ್‌ಲೆಂಡಿನ ಕಾರ್ಸ್ಟೆನ್ ಎಂಬ ವಿದ್ವಾಂಸನು 'ಮೆರುಗಿನ ತೊಗಲುಳ್ಳದ್ದು' ಎಂಬರ್ಥ ಬರುವಂತೆ ಗ್ರೀಕ್ ಶಬ್ದಗಳನ್ನು ಜೋಡಿಸಿ ಗ್ಯಾನೊಡರ್ಮಾ ಎಂಬ ಕುಲನಾಮವನ್ನು ರಚಿಸಿದನು. ಅಲ್ಲಿಂದ ಮುಂದೆ ಏಷ್ಯಾಖಂಡದಲ್ಲಿ ಎಲ್ಲಿಯೇ ಹೊಳೆಯುವ ಕೆಂಪಣಬೆ ಕಂಡರೂ ಅದಕ್ಕೆ ಗ್ಯಾನೊಡರ್ಮಾ ಲ್ಯೂಸಿಡಮ್ ಎಂಬ ಲಂಡನ್ನಿನ ಹೆಸರನ್ನೇ ತೊಡಿಸುವುದು ರೂಢಿಯಾಯಿತು. ವಂಶವಾಹಿಗಳನ್ನು ಓದುವ ವಿದ್ಯೆ ಬಂದ ಮೇಲೆ ಈ ಒಂದು ಅಂಗಿಯೊಳಗೆ ಹಲವು ಮೈಗಳಿವೆಯೆಂಬುದು ತಿಳಿದುಬಂದಿತು. ಚೀನೀಯರು ಔಷಧಕ್ಕಾಗಿ ಬೆಳೆಯುವ ಅಣಬೆಯು ಯುರೋಪಿನದಲ್ಲವೆಂದು ನಿರ್ಧರಿಸಿ 2012ರಲ್ಲಿ ಅದಕ್ಕೆ ಗ್ಯಾನೊಡರ್ಮಾ ಲಿಂಗ್‌ಝಿ ಎಂಬ ಪ್ರತ್ಯೇಕ ನಾಮವನ್ನೇ ಕೊಡಲಾಯಿತು. ಆದಕಾರಣ ನಂದಿನಿ ಲೇಔಟಿನ ಮರದ ಬುಡದಲ್ಲಿ ಕಂಡುದನ್ನು ನಾನು ಕುಲನಾಮದಿಂದ ಮಾತ್ರ ಕರೆಯುತ್ತೇನೆ. ಬರಿಗಣ್ಣು ಅದಕ್ಕಿಂತ ಹೆಚ್ಚಿನದನ್ನು ಪ್ರಮಾಣೀಕರಿಸಲಾರದು.

ವೃದ್ಧರ ಮಾತಿನ ಮೂಲವು ಲಂಡನ್ನಿನಲ್ಲಿಲ್ಲ, ಮಲೆನಾಡಿನಲ್ಲಿದೆ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಸಾಗರಗಳ ಅಡಕೆಯ ಬೆಳೆಗಾರನು ಎರಡು ರೋಗಗಳ ಹೆಸರನ್ನು ಬಾಲ್ಯದಿಂದಲೇ ಬಲ್ಲನು. ಒಂದು ಕೊಳೆರೋಗ, ಜಡಿಮಳೆಯಲ್ಲಿ ಎಳೆಗಾಯಿಗಳನ್ನು ಕೊಳೆಯಿಸಿ ಉದುರಿಸಿ, ಒಂದು ವರ್ಷದ ಫಲವನ್ನು ಕಸಿಯತಕ್ಕದ್ದು. ಇನ್ನೊಂದು ಅಣಬೆರೋಗ, ಫಲವನ್ನಲ್ಲ, ಮರವನ್ನೇ ಕಸಿಯತಕ್ಕದ್ದು. ಮೊದಲು ಹೊರಸುತ್ತಿನ ಸೋಗೆಗಳು ಹಳದಿಯಾಗಿ ಬಾಗುತ್ತವೆ. ನೀರು ಸಾಲದಾಯಿತೇನೋ ಎಂದು ಬೆಳೆಗಾರನು ಭಾವಿಸುವನು. ಅನಂತರ ಒಳಸುತ್ತಿನ ಸೋಗೆಗಳಿಗೂ ಅದೇ ಗತಿಯಾಗುತ್ತದೆ, ಹಿಂಗಾರ ಬಡವಾಗುತ್ತದೆ, ಕಾಂಡದ ಬುಡದಲ್ಲಿ ಕಂದು ರಸ ಒಸರುತ್ತದೆ, ಅಗೆದು ನೋಡಿದರೆ ಬೇರುಗಳು ಕೊಳೆತು ಪುಡಿಯಾಗಿರುತ್ತವೆ. ಎಲ್ಲವೂ ಮುಗಿಯುತ್ತ ಬಂದ ಮೇಲೆ, ಮಳೆಗಾಲದ ಒಂದು ದಿನ, ಬುಡದಲ್ಲಿ ಅರಗಿನ ಬಣ್ಣದ ಆ ಕೊಡೆ ಮೂಡುತ್ತದೆ. ಹೀಗೆ ಅಣಬೆಯು ರೋಗದ ಆರಂಭದಲ್ಲಿ ಬರುವ ಅತಿಥಿಯಲ್ಲ. ನೆಲದಡಿಯಲ್ಲಿ ಬಿಳಿಯ ತಂತುಗಳಾಗಿ ಬಹುಕಾಲ ನಡೆದ ಕಾರ್ಯದ ಕಡೆಯ ಪ್ರಕಟಣೆ.

ಈ ರೋಗಕ್ಕೆ ಹೆಸರಿಟ್ಟವರು ತೋಟದಲ್ಲಿ ದುಡಿದವರು. ವಿದ್ಯಾಪೀಠಗಳು ಆ ಹೆಸರನ್ನು ಅವರಿಂದಲೇ ಪಡೆದವು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೆ ಯುರೋಪಿನ ವಿದ್ವಾಂಸರಲ್ಲಿ ಅನೇಕರು ಶಿಲೀಂಧ್ರವು ಕೊಳೆತದ ಫಲವೇ ಹೊರತು ಕಾರಣವಲ್ಲವೆಂದು ನಂಬಿದ್ದರು. ಗಿಡದ ರೋಗಕ್ಕೆ ಶಿಲೀಂಧ್ರವೇ ಕಾರಣವಾಗಬಲ್ಲುದೆಂದು ಜರ್ಮನಿಯ ಡಿ ಬಾರಿಯು 1853ರಲ್ಲಿ ಧಾನ್ಯದ ಕಾಡಿಗೆರೋಗ, ತುಕ್ಕುರೋಗಗಳನ್ನು ಕುರಿತು ಬರೆದ ಗ್ರಂಥವು ಆ ನಂಬಿಕೆಯನ್ನು ಅಲುಗಿಸಿತು. ನಮ್ಮ ರೈತನು ಕಾರ್ಯಕಾರಣ ಸಿದ್ಧಾಂತವನ್ನು ಪ್ರತಿಪಾದಿಸಿದನೆಂದು ನಾನು ಹೇಳುವುದಿಲ್ಲ. ಆದರೆ ಬಾಗಿದ ಸೋಗೆಯಿಂದಲೂ ಒಸರುವ ರಸದಿಂದಲೂ ಹೆಸರನ್ನು ಪಡೆಯದೆ ಬುಡದ ಅಣಬೆಯಿಂದಲೇ ಪಡೆದ ಅವನ ಕಣ್ಣು ಸರಿಯಾದ ಸ್ಥಾನದಲ್ಲಿಯೇ ನೆಟ್ಟಿದ್ದಿತೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಈ ರೋಗವು ತೋಟದಿಂದ ಬರಹಕ್ಕೆ ಇಳಿದ ಕಥೆಯೂ ಒಂದುಂಟು. ಶ್ರೀರಂಗಪಟ್ಟಣವು 1799ರಲ್ಲಿ ಪತನವಾದ ಮೇಲೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು 1800-01ರಲ್ಲಿ ಸುತ್ತಿದ ಫ್ರಾನ್ಸಿಸ್ ಬುಕಾನನ್ನನು, ದಾರಿಯುದ್ದಕ್ಕೂ ಬೆಳೆಗಳನ್ನು, ಅಳತೆಗಳನ್ನು, ಕಂದಾಯವನ್ನು ಬರೆದಿಟ್ಟುಕೊಂಡು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದನು. ಅಡಕೆಯ ಈ ರೋಗದ ಮೊದಲ ಲಿಖಿತ ಉಲ್ಲೇಖವೆಂದು ಸಸ್ಯರೋಗಶಾಸ್ತ್ರಜ್ಞರು ಎಣಿಸುವುದು ಆ ಗ್ರಂಥವನ್ನೇ. ಒಂದು ಶತಮಾನದ ಅನಂತರ, 1906ರಲ್ಲಿ, ಭಾರತದ ಶಿಲೀಂಧ್ರಶಾಸ್ತ್ರಕ್ಕೆ ತಳಹದಿ ಹಾಕಿದ ಎಡ್ವಿನ್ ಬಟ್ಲರನು ತಾಳವರ್ಗದ ಮರಗಳ ರೋಗಗಳನ್ನು ಕುರಿತು ಬರೆದನು. 1908ರಲ್ಲಿ ಕೆನಡಾದೇಶದ ಲೆಸ್ಲಿ ಕೋಲ್‌ಮನ್ನರು ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾಗಿ, 1913ರಲ್ಲಿ ಆರಂಭವಾದ ಹೆಬ್ಬಾಳದ ಕೃಷಿಶಾಲೆಯನ್ನು ಕಟ್ಟಿ ಬೆಳೆಸಿದ ಈ ಮಹನೀಯರು, ಬೋರ್ಡೋ ದ್ರಾವಣದ ಸಿಂಪರಣೆಯಿಂದ ಕೊಳೆರೋಗವನ್ನು ತಡೆಯುವ ಕ್ರಮವನ್ನು ಮಲೆನಾಡಿಗೆ ಕಲಿಸಿ ಬೆಳೆಗಾರರ ಕೃತಜ್ಞತೆಗೆ ಪಾತ್ರರಾದರು; ಅಣಬೆರೋಗವನ್ನೂ ಅವರು ಅಭ್ಯಾಸಮಾಡಿದರು. ಅವರ ತರುವಾಯ ಎಸ್. ವಿ. ವೆಂಕಟರಾಯನ್ ಅವರು ಅಡಕೆ ತೆಂಗುಗಳೆರಡರ ಮೇಲೂ ಈ ಅಣಬೆಯ ಜೀವನಕ್ರಮವನ್ನು ಪರಿಶೋಧಿಸಿ, 1936ರಲ್ಲಿ ಅಮೆರಿಕದ ಸಸ್ಯರೋಗಶಾಸ್ತ್ರದ ಪತ್ರಿಕೆಯಲ್ಲಿ ಸವಿಸ್ತಾರವಾದ ಪ್ರಬಂಧವನ್ನು ಪ್ರಕಟಿಸಿದರು. ಮೈಸೂರು ಸೀಮೆಯ ತೋಟದ ಬುಡದಲ್ಲಿ ಹುಟ್ಟಿದ ಪ್ರಶ್ನೆಯೊಂದು ಹೀಗೆ ವಿದ್ವಲ್ಲೋಕದ ಪ್ರಶ್ನೆಯಾಯಿತು.

ಕೊಳೆರೋಗಕ್ಕೆ ಸಿಂಪರಣೆ ದೊರೆತಂತೆ ಅಣಬೆರೋಗಕ್ಕೆ ಒಂದೇ ಏಟಿನ ಮದ್ದು ದೊರೆಯಲಿಲ್ಲ. ಶತ್ರುವು ಮೇಲಿದ್ದರೆ ದ್ರಾವಣವನ್ನು ಚಿಮ್ಮಬಹುದು. ಬೇರಿನೊಳಗಿದ್ದರೆ ಏನು ಮಾಡುವುದು? ಆದುದರಿಂದ ಇದರ ಚಿಕಿತ್ಸೆಯೆಲ್ಲವೂ ನೆಲದ ಶಿಸ್ತೇ ಆಗಿದೆ: ಸತ್ತ ಮರದ ಮೋಟನ್ನೂ ಬೇರನ್ನೂ ಅಗೆದು ಸುಡುವುದು, ರೋಗದ ಮರದ ಸುತ್ತ ಎರಡಡಿ ಆಳ, ಒಂದಡಿ ಅಗಲದ ಕಂದಕ ತೋಡಿ, ಬೇರಿಗೆ ಬೇರು ತಾಗದಂತೆ ಮಾಡುವುದು, ಮರದಿಂದ ಮರಕ್ಕೆ ಹರಿಯುವಂತೆ ನೀರು ಬಿಡದಿರುವುದು, ಬಸಿಗಾಲುವೆಗಳನ್ನು ತೆರವಾಗಿಡುವುದು, ವರ್ಷಕ್ಕೊಮ್ಮೆ ಮರವೊಂದಕ್ಕೆ ಎರಡು ಕಿಲೋಗ್ರಾಮಿನಷ್ಟು ಬೇವಿನ ಹಿಂಡಿ ಕೊಟ್ಟು, ಮಣ್ಣಿನಲ್ಲಿ ಈ ಶಿಲೀಂಧ್ರವನ್ನು ಎದುರಿಸುವ ಬೇರೆ ಸೂಕ್ಷ್ಮಜೀವಿಗಳನ್ನು ಪೋಷಿಸುವುದು. ಕಾಸರಗೋಡಿನಲ್ಲಿಯೂ, 1956ರಲ್ಲಿ ಅಡಕೆಯ ಸಂಶೋಧನೆಗಾಗಿಯೇ ಕೇಂದ್ರ ಸ್ಥಾಪಿತವಾದ ವಿಟ್ಲದಲ್ಲಿಯೂ ನಡೆದ ಕೆಲಸದಿಂದ ದೃಢಪಟ್ಟ ಈ ಉಪದೇಶಗಳ ಸಾಲಿನಲ್ಲಿ ನಮ್ಮ ಪ್ರಸ್ತುತಕ್ಕೆ ಅತ್ಯಂತ ಮುಖ್ಯವಾದ ಒಂದು ಮಾತುಂಟು: ಅಡಕೆತೋಟದ ಸಮೀಪದಲ್ಲಿ ಗುಲ್‌ಮೊಹರ್ ಮರವನ್ನೂ ಹೊಂಗೆಯ ಮರವನ್ನೂ ಬೆಳೆಸಬಾರದು, ಏಕೆಂದರೆ ಈ ಅಣಬೆಗೆ ಅವೆರಡೂ ಪ್ರಿಯವಾದ ಆಶ್ರಯಗಳು.

ಈ ವಾಕ್ಯವನ್ನು ಓದಿದಾಗ ನನಗೆ ನಂದಿನಿ ಲೇಔಟಿನ ಬೀದಿಯು ಕಣ್ಣಮುಂದೆ ನಿಂತಿತು. ತೋಟದ ಬೇಲಿಯಾಚೆಗೆ ಇರಿಸಬೇಕೆಂದು ಮಲೆನಾಡು ಕಲಿತ ಆ ಎರಡು ಮರಗಳೇ ನಮ್ಮ ನಗರದ ಬೀದಿಗಳ ಅಲಂಕಾರವಾಗಿವೆ. ಕೋಲ್‌ಮನ್ನರು ಮೈಸೂರಿಗೆ ಬಂದ 1908ರಲ್ಲಿಯೇ ಜರ್ಮನಿಯ ಕ್ರುಂಬಿಗಲ್ಲರು ಲಾಲ್‌ಬಾಗಿನ ಆಡಳಿತವನ್ನು ವಹಿಸಿಕೊಂಡರೆಂಬುದು ಚರಿತ್ರೆಯ ಒಂದು ಮನೋಹರವಾದ ಸಂಧಿ. ಒಬ್ಬರು ತೋಟಗಳಲ್ಲಿ ಮರವನ್ನು ಕೊಲ್ಲುವ ಶಿಲೀಂಧ್ರವನ್ನು ಅರಸುತ್ತಿದ್ದ ಕಾಲದಲ್ಲಿ, ಇನ್ನೊಬ್ಬರು ವರ್ಷದ ಯಾವ ತಿಂಗಳಲ್ಲಿಯೂ ಊರು ಹೂವಿಲ್ಲದೆ ಇರಬಾರದೆಂದು ಒಂದಾದ ಮೇಲೊಂದು ಅರಳುವ ಮರಗಳನ್ನು ಬೆಂಗಳೂರಿನ ಬೀದಿಗಳಿಗೆ ಯೋಜಿಸುತ್ತಿದ್ದರು. ಆ ಪರಂಪರೆಯನ್ನು ಹೊಸ ಬಡಾವಣೆಗಳಿಗೆ ಕೊಂಡೊಯ್ದವರು ಅರಣ್ಯಾಧಿಕಾರಿಗಳಾಗಿದ್ದ ಎಸ್. ಜಿ. ನೇಗಿನಹಾಳರು, 1980ರ ದಶಕದಲ್ಲಿ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ಸುಮಾರು 15 ಲಕ್ಷ ಸಸಿಗಳು ನೆಡಲ್ಪಟ್ಟವು. ರಾಜಾಜಿನಗರ, ಮಹಾಲಕ್ಷ್ಮಿ ಬಡಾವಣೆಗಳನ್ನು ದಾಟಿ ಪೀಣ್ಯದ ಕಾರ್ಖಾನೆಗಳ ನೆರೆಗೆ ಬರುವ ಈ ಪಶ್ಚಿಮೋತ್ತರ ಭಾಗದಲ್ಲಿ ಇಂದು ನಮಗೆ ನೆರಳು ನೀಡುವ ಮರಗಳಲ್ಲಿ ಅನೇಕವು ಆ ತಲೆಮಾರಿನವು.

ಅಣಬೆಯ ಬೀಜಾಣುಗಳು ಗಾಳಿಯಲ್ಲಿ ಎಲ್ಲೆಲ್ಲಿಯೂ ಇವೆ; ಆದರೆ ಅಕ್ಷತವಾದ ತೊಗಟೆಯನ್ನು ಭೇದಿಸಿ ಒಳನುಗ್ಗುವ ಶಕ್ತಿ ಅವುಗಳಿಗೆ ಸಾಮಾನ್ಯವಾಗಿ ಇಲ್ಲ. ಅವಕ್ಕೆ ಬಾಗಿಲು ಬೇಕು. ಆ ಬಾಗಿಲನ್ನು ತೆರೆಯುವವರು ನಾವು. ಚರಂಡಿಗೆಂದು ಒಮ್ಮೆ, ಕೊಳವೆಗೆಂದು ಒಮ್ಮೆ, ತಂತಿಗೆಂದು ಒಮ್ಮೆ ಕಾಲುಹಾದಿಯನ್ನು ಅಗೆಯುವಾಗ ಬೇರುಗಳು ತುಂಡಾಗುತ್ತವೆ. ಕತ್ತರಿಸಿದ ಬೇರಿನ ಗಾಯದ ಮೇಲೆ ಮಣ್ಣು, ಮಣ್ಣಿನ ಮೇಲೆ ಸಿಮೆಂಟು ಬೀಳುತ್ತದೆ. ನೀರೂ ಗಾಳಿಯೂ ದೊರೆಯದೆ ಬಳಲಿದ ಮರದ ಮೂಲಕ್ಕೆ ಶಿಲೀಂಧ್ರವು ಸದ್ದಿಲ್ಲದೆ ಇಳಿಯುತ್ತದೆ. ದಾರುವಿಗೆ ಬಿಗುಪನ್ನು ಕೊಡುವ ಲಿಗ್ನಿನ್ನನ್ನೂ, ನಾರಿನ ಸತ್ತ್ವವಾದ ಸೆಲ್ಯುಲೋಸನ್ನೂ ಅದು ಕರಗಿಸುತ್ತ ಹೋದಂತೆ ಬುಡವು ಬಿಳುಪಾಗಿ, ಹಗುರಾಗಿ, ನೆನೆದ ರಟ್ಟಿನಂತಾಗುತ್ತದೆ. ತಲೆಯ ಮೇಲೆ ಹಸುರೂ ಹೂವೂ ಇನ್ನೂ ಇರುವಾಗಲೇ ಕಾಲು ಸತ್ತಿರುತ್ತದೆ. ಏಪ್ರಿಲ್, ಮೇ ತಿಂಗಳ ಗಾಳಿಮಳೆಯಲ್ಲಿ ಹೂಬಿಟ್ಟ ಮರವೊಂದು ಬುಡಸಮೇತ ಉರುಳಿದಾಗ ಅದರ ಹಿಂದೆ ಇಂಥ ಚರಿತ್ರೆ ಇರುವುದುಂಟು.

ಇದೇ ಕುಲದ ಅಣಬೆಯು ಚೀನಾದೇಶದಲ್ಲಿ ಅಮರತ್ವದ ಮೂಲಿಕೆಯೆಂದು ಪೂಜ್ಯವಾದುದನ್ನು ಇಲ್ಲಿ ಹೇಳದಿರುವುದು ಅನ್ಯಾಯವಾದೀತು. ಕ್ರಿಸ್ತಶಕದ ಆದಿಭಾಗಕ್ಕೆ ಸೇರಿದುದೆನ್ನಲಾದ, ಷೆನ್ನಾಂಗ್ ಎಂಬ ಪೌರಾಣಿಕ ಸಾಮ್ರಾಟನ ಹೆಸರನ್ನು ಹೊತ್ತ ಔಷಧಗ್ರಂಥವು ಕೆಂಪು, ಕಪ್ಪು, ನೀಲಿಹಸುರು, ಬಿಳಿ, ಹಳದಿ, ನೇರಳೆ ಎಂದು ಆರು ಬಣ್ಣದ ಝಿ ಎಂಬ ಅಣಬೆಗಳನ್ನು ಎಣಿಸಿ, ದೀರ್ಘಾಯುಷ್ಯವನ್ನು ಕೊಡುವ ಶ್ರೇಷ್ಠವರ್ಗದಲ್ಲಿ ಅವನ್ನು ಇರಿಸಿತು. ಚೀನೀಯರು ಲಿಂಗ್‌ಝಿಯೆಂದುದನ್ನು ಜಪಾನೀಯರು ರೇಶಿಯೆಂದೂ ಹತ್ತುಸಾವಿರ ವರ್ಷಗಳ ಅಣಬೆಯೆಂದೂ ಕರೆದರು. ಕಾಡಿನಲ್ಲಿ ದುರ್ಲಭವಾಗಿದ್ದ ಈ ವಸ್ತುವನ್ನು 1970ರ ದಶಕದಲ್ಲಿ ಜಪಾನೀಯರು ಮರದ ಹೊಟ್ಟಿನ ಮೇಲೆ ಬೆಳೆಯುವುದನ್ನು ಸಾಧಿಸಿದ ಮೇಲೆ, ಅರಮನೆಯ ಔಷಧವು ಅಂಗಡಿಯ ಸರಕಾಯಿತು. ನಮ್ಮಲ್ಲಿಯೂ ಮರದಣಬೆಯ ಮದ್ದು ಅಪರಿಚಿತವೇನಲ್ಲ. ಹಲಸಿನ ಮರದ ಮೇಲೆ ಬೆಳೆಯುವ, ಕೊಂಕಣ ಸೀಮೆಯವರು ಫಣಸ ಆಳಂಬೆಯೆನ್ನುವ ಬೇರೊಂದು ಗಟ್ಟಿಯಣಬೆಯನ್ನು ಕಲ್ಲಿನ ಮೇಲೆ ನೀರಿನಲ್ಲಿ ತೇದು, ಶಿಶುಗಳ ಬಾಯಿಹುಣ್ಣಿಗೆ, ಜೊಲ್ಲಿನ ಬಾಧೆಗೆ ಹಚ್ಚುವ ರೂಢಿ ಹಳೆಯದು.

ಗ್ಯಾನೊಡರ್ಮಾದಲ್ಲಿ ಬಹುಶರ್ಕರಗಳೂ, ಅದರ ಕಹಿಗೆ ಕಾರಣವಾದ ಟ್ರೈಟರ್ಪೀನ್ ವರ್ಗದ ಆಮ್ಲಗಳೂ ಇರುವುದನ್ನು ರಸಾಯನಶಾಸ್ತ್ರವು ಕಂಡಿದೆ. ಆದರೆ ಅರ್ಬುದರೋಗದ ಚಿಕಿತ್ಸೆಯಲ್ಲಿ ಇದರ ಪ್ರಯೋಗಗಳನ್ನೆಲ್ಲ ತೂಗಿನೋಡಿದ ಕಾಕ್ರೇನ್ ಸಂಸ್ಥೆಯ 2016ರ ಸಮೀಕ್ಷೆಯು, ಇದನ್ನು ಮುಖ್ಯ ಚಿಕಿತ್ಸೆಯಾಗಿ ಬಳಸುವುದಕ್ಕೆ ಸಾಕಷ್ಟು ಆಧಾರವಿಲ್ಲವೆಂದೇ ನಿರ್ಣಯಿಸಿತು. ರಕ್ತವನ್ನು ತೆಳುವಾಗಿಸುವ ಔಷಧಗಳನ್ನು ಸೇವಿಸುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಬೀದಿಬದಿಯದನ್ನಂತೂ ಯಾರೂ ಕಿತ್ತು ಕಷಾಯ ಮಾಡತಕ್ಕದ್ದಲ್ಲ. ಅಣಬೆಗಳು ತಾವು ನಿಂತ ಸ್ಥಳದ ಸೀಸ, ಕ್ಯಾಡ್ಮಿಯಮ್ ಮೊದಲಾದ ಭಾರಲೋಹಗಳನ್ನು ಹೀರಿ ಕೂಡಿಟ್ಟುಕೊಳ್ಳುವ ಸ್ವಭಾವದವು, ವಾಹನಗಳ ಹೊಗೆಯಲ್ಲಿ ಬೆಳೆದ ಮರದ ಬುಡವು ಔಷಧಾಲಯವಾಗಲಾರದು. ಅಣಬೆಯ ರುಚಿಯನ್ನು ಬಯಸುವವರಿಗೆ ತುಮಕೂರು ರಸ್ತೆಯಾಚೆಯ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾಲಯವು ಖಾದ್ಯ ಅಣಬೆಗಳ ಬಿತ್ತನೆಯನ್ನೂ ಬೆಳೆಯುವ ಕ್ರಮವನ್ನೂ ಒದಗಿಸುತ್ತದೆ. ಆ ದಾರಿಯು ನಿರ್ಭಯವಾದುದು.

ಹಾಗಾದರೆ ನಂದಿನಿ ಲೇಔಟಿನ ಈ ಅಣಬೆಯ ಉಪಯೋಗವೇನು? ಅದು ತಿಳಿಸುತ್ತದೆ. ನೆಲದಡಿಯಲ್ಲಿ ನಾವು ಮಾಡಿದ ಗಾಯವನ್ನು, ಹೇಳಲು ಬಾಯಿಲ್ಲದ ಮರದ ಪರವಾಗಿ, ಎಲ್ಲರಿಗೂ ಕಾಣುವ ಬಣ್ಣದಲ್ಲಿ ಬರೆದು ತೋರಿಸುತ್ತದೆ. ಮಲೆನಾಡಿನ ತೋಟಿಗನು ಆ ಬರಹವನ್ನು ಓದಲು ಕಲಿತು, ಕಂದಕ ತೋಡಿ, ಪಕ್ಕದ ಮರವನ್ನು ಉಳಿಸಿಕೊಂಡನು. ಮರದ ಬುಡದಲ್ಲಿ ನೀರಿಳಿಯುವಷ್ಟು ಮಣ್ಣನ್ನು ತೆರೆದಿಡುವುದು, ಬೇರನ್ನು ಕಡಿಯದೆ ಕಾಲುವೆಯನ್ನು ಬಳಸಿ ಒಯ್ಯುವುದು, ಅಣಬೆ ಎದ್ದ ಮರವನ್ನು ಬಲ್ಲವರಿಂದ ತಟ್ಟಿಸಿ ಟೊಳ್ಳಿನ ಪ್ರಮಾಣವನ್ನು ತಿಳಿಯುವುದು, ಬಿದ್ದ ಮರದ ಬೇರನ್ನು ಪೂರ್ತಿಯಾಗಿ ಕೀಳದೆ ಅದೇ ಗುಂಡಿಯಲ್ಲಿ ಮತ್ತೆ ಗುಲ್‌ಮೊಹರನ್ನೋ ಹೊಂಗೆಯನ್ನೋ ನೆಡದಿರುವುದು: ಇವು ನಗರದಲ್ಲಿ ಆಗಲಾರದ ಕೆಲಸಗಳೇನಲ್ಲ.

ಒಂದು ವಾರದ ಅನಂತರ ಅದೇ ದಾರಿಯಲ್ಲಿ ಹೋದಾಗ ಮೂರು ಅಣಬೆಗಳೂ ಇರಲಿಲ್ಲ. ಯಾರೋ ಅವನ್ನು ಮುರಿದು ತೆಗೆದು, ಕಟ್ಟೆಯನ್ನು ಗುಡಿಸಿ ಶುಭ್ರಮಾಡಿದ್ದರು. ಮಾವಿನಹಣ್ಣನ್ನು ಕಿತ್ತರೆ ಮಾವಿನಮರವು ಹೋಗದಂತೆ, ಆ ಕೊಡೆಗಳು ಹೋದರೂ ಅವುಗಳ ಮೂಲವು ಮರದೊಳಗೇ ಇದೆ. ಹೋದದ್ದು ಸೂಚನೆ ಮಾತ್ರ. ನಾನು ತಲೆಯೆತ್ತಿ ನೋಡಿದೆನು. ಬೀದಿಯ ಕಡೆಗೆ ಬಾಗಿದ ಕೊಂಬೆಯಲ್ಲಿ ಎಲೆಗಳು ಉಳಿದ ಕಡೆಗಿಂತ ವಿರಳವಾಗಿದ್ದವು. ಅದರ ಕೆಳಗೆ, ಆ ವಿರಳವಾದ ನೆರಳಿನಲ್ಲಿಯೇ, ಹೂವಿನ ಹೆಂಗಸು ತನ್ನ ಬುಟ್ಟಿಯನ್ನಿಳಿಸಿ ಕುಳಿತಿದ್ದಳು. ಇದನ್ನು ತಿನ್ನುವಂತಿಲ್ಲವಮ್ಮ ಎಂದು ಅವಳಿಗೆ ತಿಳಿಸಿ, ಅಣಬೆ ಎದ್ದಿದ್ದ ಜಾಗವನ್ನು ತೋರಿಸಿ, ಗಾಳಿ ಬೀಸುವ ದಿನಗಳಲ್ಲಿ ಈ ಮರದಡಿ ಕೂರಬೇಡವೆಂದು ಹೇಳಿದೆನು.